ಬಾನೆಟ್ ಬೆಚ್ಚಗಿತ್ತು

೪ ಮಾರ್ಚ್, ಮಂಗಳವಾರ

ಇವತ್ತು ಎರಡು ಗಾಡಿ. ಎರಡೂ ಬೇಡ ಅಂದೆ. ಮೊದಲನೆಯದು ದೊಡ್ಡ ಸೆಡಾನ್, ಬಿಳಿ, ಹೊಳಪೋ ಹೊಳಪು. ಡಿಕ್ಕಿಯ ಕಾರ್ಪೆಟ್ ಎತ್ತಿದರೆ ಸ್ಟೆಪ್ನಿ ನೀರಿನಲ್ಲಿ ಕೂತಿದೆ. ಸನ್‌ರೂಫ್‌ನ ನೀರು ಹೋಗುವ ಪೈಪು ಕಟ್ಟಿಕೊಂಡು ಮಳೆಯೆಲ್ಲ ಒಳಗೇ ಇಳಿದಿದೆ. ಎರಡನೆಯದರ ಮೀಟರ್ ನಲವತ್ತು ಸಾವಿರ ಅನ್ನುತ್ತದೆ, ಬ್ರೇಕ್ ಪೆಡಲಿನ ರಬ್ಬರ್ ಸವೆದು ಬೋಳಾಗಿದೆ. ಮೀಟರ್ ಹಿಂದಕ್ಕೆ ತಿರುಗಿಸಿದ್ದು ತೋರಿಸಿದೆ. ಮಾರುವವನ ಮುಖ ಹುಳ್ಳಗಾಯಿತು.

ಹನ್ನೊಂದು ವರ್ಷದಿಂದ ಇದೇ ಕೆಲಸ — ಕೊಳ್ಳುವವರ ಪರವಾಗಿ ಹಳೇ ಗಾಡಿ ನೋಡಿ ಮಾರುವವರ ಶಾಪ ಕಟ್ಟಿಕೊಳ್ಳುವುದು. ಅಕ್ಕ ನನಗಿಟ್ಟ ಹೆಸರು ಅನುಮಾನಪ್ಪ.

ಅವಳದೇ ಫೋನ್ ಬಂದಿತ್ತು. ಭಾವನಿಗೆ ಮಂಡಿ ಆಪರೇಷನ್ ಆದಮೇಲೆ ಕಾಲು ಪೂರ್ತಿ ಮಡಚಲಾಗುತ್ತಿಲ್ಲ. ಸಣ್ಣ ಕಾರಿನಲ್ಲಿ ಕೂರಿಸುವುದೇ ಒಂದು ಯುದ್ಧ. ವಾರಕ್ಕೆರಡು ಸಲ ಫಿಸಿಯೋಥೆರಪಿ, ಹೈವೇಯಲ್ಲಿ ಎರಡು ಗಂಟೆಯ ದಾರಿ, ಓಡಿಸುವವಳು ಅವಳೇ. ದೊಡ್ಡ ಗಾಡಿಯೇ ಬೇಕು. ಹುಡುಕಿಯೂ ಬಿಟ್ಟಿದ್ದಾಳೆ.

"ನಿಮ್ಮ ಮೇಸ್ತ್ರಿ ಅವರ ಗಾಡಿ ಕೊಡ್ತಾರಂತೆ ಕಣೋ. ಅವರದ್ದಾದ್ರೆ ನೀನು ನೋಡೋದೂ ಬೇಡ, ಅಲ್ವಾ?"

ನೋಡುತ್ತೇನೆ ಅಂದೆ.

೬ ಮಾರ್ಚ್, ಗುರುವಾರ — ಸಂಜೆ

ಮೇಸ್ತ್ರಿ ಮನೆಗೆ ಹೋಗಿ ಬಂದೆ. ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವರು. ಗ್ಯಾರೇಜ್ ಮುಚ್ಚಿ ಎರಡು ವರ್ಷವಾಯಿತು, ಉಗುರಿನ ಸಂದಿಯ ಗ್ರೀಸ್ ಇನ್ನೂ ಹೋಗಿಲ್ಲ. ಒಳಗೆ ಟಿವಿ ಬೀದಿಗೆಲ್ಲ ಕೇಳುವಷ್ಟು ಜೋರು.

ಹದಿನಾಲ್ಕು ವರ್ಷದ ಗಾಡಿ, ತೊಳೆದು ಒರೆಸಿ ನಿಲ್ಲಿಸಿದ್ದರು. ಅಭ್ಯಾಸಬಲ — ನನ್ನ ಅಂಗೈ ಮೊದಲು ಬಾನೆಟ್ ಮೇಲೆ ಹೋಯಿತು.

ಬೆಚ್ಚಗಿತ್ತು.

ಅವರೇ ಕಲಿಸಿದ ಮೊದಲ ಪಾಠ: "ತಣ್ಣಗಿರೋ ಎಂಜಿನ್ ನಿಜ ಹೇಳುತ್ತೆ. ಬಿಸಿಯಾದ್ಮೇಲೆ ಎಲ್ಲಾ ಗಾಡೀನೂ ಒಳ್ಳೇದೇ." ಬೇರೆ ಯಾರದೇ ಆಗಿದ್ದರೆ ಅಲ್ಲೇ ಹೇಳುತ್ತಿದ್ದೆ — ನಾಳೆ ಬೆಳಗ್ಗೆ ಬರುತ್ತೇನೆ, ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ. ಮೇಸ್ತ್ರಿಗೆ ಹಾಗೆ ಹೇಳುವುದೇ? ಕೈ ತೆಗೆದುಕೊಂಡೆ.

ಓಡಿಸಿದೆ. ದೊಡ್ಡ ಆಟೋಮ್ಯಾಟಿಕ್ ಗಾಡಿಗಳು ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗಲೇ ಜಗ್ಗುವುದು. ಇದು ಜಗ್ಗಲಿಲ್ಲ. ರಸ್ತೆಯ ಗುಂಡಿಗೆ ಇಳಿಸಿದರೆ ಮುಂದಿನ ಚಕ್ರದ ಹತ್ತಿರ ದಡ್ ಅನ್ನಲಿಲ್ಲ. ಎಸಿ ಚೆನ್ನಾಗಿದೆ. ಹಿಂದಿನ ಸೀಟಿನಲ್ಲಿ ಭಾವ ಕಾಲು ಚಾಚಿ ರಾಜನ ಹಾಗೆ ಕೂರಬಹುದು. ನಾನು ಏನಾದರೂ ಕೇಳಿದರೆ ಮೇಸ್ತ್ರಿ "ಏನಂದೆ?" ಅನ್ನುತ್ತಿದ್ದರು. ಮುಗುಳ್ನಗುತ್ತಿದ್ದರು.

ಅಕ್ಕನಿಗೆ ಫೋನ್ ಮಾಡಿ ಹ್ಞೂ ಅಂದುಬಿಟ್ಟೆ. ಭಾನುವಾರ ಗಾಡಿ ತರುವುದು.

೭ ಮಾರ್ಚ್ — ಬೆಳಗ್ಗೆ

ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಆ ವರ್ಷದ ಆ ಗಾಡಿಗಳಿಗೆ ಒಂದು ಹಳೇ ರೋಗವಿದೆ. ಎಂಜಿನ್ನಿನೊಳಗೆ ಟೈಮಿಂಗ್ ಚೈನು ಸಡಿಲವಾಗುತ್ತದೆ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಎರಡು ಮೂರು ಸೆಕೆಂಡ್ ಗಡಗಡ — ಆಯಿಲ್ ಮೇಲೇರಿದರೆ ಸದ್ದಡಗುತ್ತದೆ. ಬಿಸಿ ಗಾಡಿಯಲ್ಲಿ ಬ್ರಹ್ಮನಿಗೂ ಗೊತ್ತಾಗದು. ವೇಗದಲ್ಲಿದ್ದಾಗ ಚೈನು ಹೋದರೆ ಎಂಜಿನ್ ನಿಂತೇ ಹೋಗುತ್ತದೆ, ಸ್ಟೀರಿಂಗ್ ಕಲ್ಲಾಗುತ್ತದೆ. ಹೈವೇ. ಹಿಂದೆ ಲಾರಿ. ಅಕ್ಕ…

ಬಾನೆಟ್ ಯಾಕೆ ಬೆಚ್ಚಗಿತ್ತು? ಬೇಕೆಂದೇ ಬಿಸಿ ಮಾಡಿಟ್ಟರೆ?

ಬರೆದದ್ದು ನೋಡಿ ನಾಚಿಕೆಯಾಯಿತು. ಹೊಡೆದುಹಾಕುವುದಿಲ್ಲ. ಇರಲಿ.

ಅದೇ ದಿನ — ಸಂಜೆ

ಮೇಸ್ತ್ರಿಗೆ ನಾಲ್ಕು ಸಲ ಫೋನ್. ಎತ್ತಲಿಲ್ಲ. ಅಕ್ಕ ಆಗಲೇ ಭಾವನ ಕಾಲಿಗೆಂದು ದಿಂಬು ಹೊಲಿಸಿದ್ದಾಳಂತೆ. ಊರಿಗೆಲ್ಲ ಬುದ್ಧಿ ಹೇಳುವವನು, ಅಕ್ಕನಿಗೆ ಮಾತ್ರ ಅರ್ಧ ನೋಡಿದ ಗಾಡಿ.

೮ ಮಾರ್ಚ್, ಶನಿವಾರ — ಬೆಳಗ್ಗೆ ಏಳೂವರೆ

ಆರಕ್ಕೇ ಹೋಗಿ ಗೇಟಿನ ಹತ್ತಿರ ನಿಂತೆ. ತಣ್ಣಗಿದ್ದಾಗ ಒಂದು ಸಲ ಸ್ಟಾರ್ಟ್ ಮಾಡಿ ಅಂದೆ. ಎರಡು ಸಲ ಹೇಳಬೇಕಾಯಿತು.

"ಮೊನ್ನೆ ಗಾಡಿ ತೊಳೆಸ್ಕೊಂಡು ಆಗಷ್ಟೇ ಬಂದಿದ್ದೆ. ಬಿಸಿ ಇತ್ತು. ನೀನು ಕೈ ಇಟ್ಟಿದ್ದೂ ನೋಡ್ದೆ. ಬೈತೀಯ ಅಂತ ಕಾಯ್ತಾ ಇದ್ದೆ," ಅಂದರು.

ಕೀ ತಿರುಗಿಸಿದರು. ತಗಡಿನ ಡಬ್ಬಿಯಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ. ಮೂರು ಸೆಕೆಂಡ್. ಆಮೇಲೆ ಸದ್ದಡಗಿತು.

ಮೇಸ್ತ್ರಿ ಕಿಟಕಿಯಿಂದ ತಲೆ ಹೊರಗೆ ಹಾಕಿ ನಗುತ್ತಿದ್ದರು. "ನೋಡ್ದಾ? ಒಂದು ಸದ್ದಿಲ್ಲ."

ರಸ್ತೆಯ ಆ ಕಡೆ ಹೋಗುವ ಗಾಡಿಯ ಯಾವ ಸಿಲಿಂಡರ್ ಸರಿಯಿಲ್ಲ ಎಂದು ಕೂತಲ್ಲೇ ಹೇಳುತ್ತಿದ್ದ ಮನುಷ್ಯ.

ಟಿವಿ. ಫೋನ್. "ಏನಂದೆ?" ಎಲ್ಲ ಕಣ್ಣೆದುರೇ ಇತ್ತು. ಅವರು ಏನನ್ನೂ ಮುಚ್ಚಿಟ್ಟಿರಲಿಲ್ಲ. ಕಂಡೂ ಬಾಯಿ ಬಿಡದವನು ನಾನು. ಅವಸರದ ಕೆಲಸವಿದೆ ಎಂದು ಸುಳ್ಳು ಹೇಳಿ ಬಂದೆ.

ಅದೇ ದಿನ — ಮಧ್ಯಾಹ್ನ

ಅಕ್ಕನಿಗೆ ಗಾಡಿ ಬೇಡ ಅಂದೆ. ಯಾಕೆಂದು ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಅವ್ರಿಗೆ ಹೇಳಿದ್ಯಾ?"

ಇಲ್ಲ ಅಂದೆ.

"ನಾನು ಬಿಟ್ರೆ ಇನ್ನೊಬ್ರು ತಗೋತಾರಲ್ಲೋ. ಅವ್ರ ಮನೇಲೂ ಜನ ಇರಲ್ವಾ? ಅಲ್ಲೀವರ್ಗೂ ಆ ವಯಸ್ಸಲ್ಲಿ ಅವ್ರೇ ಓಡಿಸ್ತಾರೆ. ಹಾರ್ನ್ ಆದ್ರೂ ಕೇಳುತ್ತಾ?"

ನುಂಗಲಾರದ ತುತ್ತು. ಗುರುವಿಗೆ ಕಿವಿ ಹೋಗಿದೆ ಎಂದು ಶಿಷ್ಯ ಯಾವ ಬಾಯಲ್ಲಿ ಹೇಳುವುದು.

೯ ಮಾರ್ಚ್, ಭಾನುವಾರ — ಬೆಳಗ್ಗೆ

ಮೇಸ್ತ್ರಿ ಮನೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ.

ಬಾನೆಟ್ ಎತ್ತಿ, ಅವರ ಬಲಗೈ ಹಿಡಿದು, ಚೈನಿನ ಕವರ್ ಮೇಲೆ ಇರಿಸಿದೆ. ಹೋಗಿ ಕೀ ತಿರುಗಿಸಿದೆ. ಮೂರು ಸೆಕೆಂಡ್.

ಆಫ್ ಮಾಡಿ ಬಂದೆ. ಕೈ ಅಲ್ಲೇ ಇತ್ತು.

"ಚೈನು," ಅಂದರು. ಕೈ ಇನ್ನೂ ಮರೆತಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಸದ್ದು ಬಂತಾ?"

ತಲೆಯಾಡಿಸಿದೆ.

"ಜೋರಾಗಾ?"

ಆಡಿಸಿದೆ.

ಹಣೆಯಿಂದ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದರು. ಮತ್ತೊಂದು ಸಲ ಸ್ಟಾರ್ಟ್ ಮಾಡು ಅಂದರು. ಈಗಲೇ ಮಾಡಿದರೆ ಸದ್ದು ಬರುವುದಿಲ್ಲ, ಆಯಿಲೆಲ್ಲ ಕೆಳಗಿಳಿಯಬೇಕು, ಸಂಜೆಯಾಗುತ್ತದೆ ಎಂದೆ — ಅವರ ಮುಖದ ಹತ್ತಿರ ಹೋಗಿ, ಜೋರಾಗಿ, ಮೊದಲ ಸಲ ಹಾಗೆ.

"ಕಾಯೋಣ," ಅಂದರು.

ಸಂಜೆ ಐದು

ಇಬ್ಬರೂ ಇಲ್ಲೇ ಕೂತಿದ್ದೇವೆ. ಈಗ ಬಾನೆಟ್ ಮುಟ್ಟಿ ನೋಡಿದೆ. ತಣ್ಣಗಿದೆ. ಮೇಸ್ತ್ರಿ ಎದ್ದರು. ಕೈ ಇಡುತ್ತಾರೆ ಅಂದುಕೊಂಡೆ. ಇಲ್ಲ. ಬಗ್ಗಿ ಕಿವಿಯನ್ನೇ ಎಂಜಿನ್ ಹತ್ತಿರ ತಂದು, ನನಗೆ ಕೀ ತಿರುಗಿಸು ಎಂದು ಸನ್ನೆ ಮಾಡುತ್ತಿದ್ದಾರೆ.