ಅಕ್ಕನ ತೋಟದ ಫೋಟೊ

ಮಾರ್ಚ್ ೩, ಬೆಳಿಗ್ಗೆ ೬
ಒಲೆ ಮೇಲೆ ಹಾಲಿಟ್ಟು ಕಿಟಕಿಯಿಂದ ಬಗ್ಗಿ ನೋಡಿದೆ. ಕೆಳಗಿನ ಮನೆಯ ಓರಗಿತ್ತಿ, ನಾನು ಅಕ್ಕ ಎನ್ನುವವರು, ಆಗಲೇ ತೋಟದಲ್ಲಿ. ಬರಿಗಾಲು, ಕೈಯಲ್ಲಿ ಪೈಪು. ಬಿಸಿಲು ಇನ್ನೂ ಕಾಂಪೌಂಡ್ ಹತ್ತಿರಲಿಲ್ಲ. ಹೀರೆ ಬಳ್ಳಿಯ ತುಂಬ ಇಬ್ಬನಿ, ಎಲೆಯಿಂದ ಎಲೆಗೆ ಇಳಿಯುತ್ತಿತ್ತು. ಫೋಟೊ ತೆಗೆದೆ. ಆಫೀಸ್ ಗ್ರೂಪಿಗೆ ಹಾಕಿದೆ — 'ನನ್ನ ತೋಟದ ಬೆಳಗು'.

ಮಾರ್ಚ್ ೪
ಹೊಗಳಿಕೆಯೋ ಹೊಗಳಿಕೆ. ಮ್ಯಾನೇಜರ್ ಮೇಡಂ: 'ಏನ್ರೀ ನಿಮ್ಮ ಕೈಗುಣ!' 'ನಮ್ಮ ಅಕ್ಕನದು' ಎಂದು ಬರೆದಿದ್ದರೆ ಮುಗಿಯುತ್ತಿತ್ತು. ಬದಲಿಗೆ ಕೈಮುಗಿದ ಚಿತ್ರ ಹಾಕಿದೆ.

ಮಾರ್ಚ್ ೧೧
ಈಗ ದಿನವೂ ಫೋಟೊಗೆಂದು ಕೆಳಗಿಳಿಯುತ್ತೇನೆ. ಅಕ್ಕನಿಗೆ ಖುಷಿ.
"ಬಾರೇ, ಈ ದಾಸವಾಳ ಈಗ ಬಿರಿಯುತ್ತೆ. ಉಸಿರು ಬಿಡಬೇಡ."
ಇಬ್ಬರೂ ಬಗ್ಗಿ ನಿಂತೆವು. ಸುತ್ತಿಕೊಂಡಿದ್ದ ಎಸಳು ಮೆಲ್ಲಗೆ ಸಡಿಲವಾಯಿತು. ಅಷ್ಟು ಹೊತ್ತು ಫೋನು ಮರೆತೇ ಹೋಗಿತ್ತು. ಆಮೇಲೆ ನೆನಪಾಯಿತು.

ಮಾರ್ಚ್ ೨೦, ಭಾನುವಾರ
ಹೇಗೆ ಬರೆಯಲಿ... ಬೆಳಗಿನ ತೋಟ ನೋಡಲೇಬೇಕೆಂದು ಮೇಡಂ ಹಟ ಹಿಡಿದು, ಇನ್ನಿಬ್ಬರನ್ನು ಕಟ್ಟಿಕೊಂಡು ಬಂದರು. ಅಕ್ಕ ಗುಲಾಬಿ ಪಾತಿಯಲ್ಲಿ. ಭಾವನ ಹಳೆ ಶರ್ಟು, ಮೊಣಕೈವರೆಗೆ ಮಣ್ಣು.
"ಇವ್ರು ಮಾಲಿನಾ? ಒಳ್ಳೆಯವರೇ ಸಿಕ್ಕಿದಾರೆ ಬಿಡಿ ನಿಮಗೆ" ಎಂದರು ಮೇಡಂ.
ಅಕ್ಕ ನನ್ನ ಮುಖ ನೋಡಿದರು. ಒಂದೇ ಸಲ.
"ಹೌದಮ್ಮ. ಇವ್ರು ಹೇಳ್ದಂಗೆ ಮಾಡ್ತೀನಿ ಅಷ್ಟೆ."
ಮೂವರಿಗೂ ಹೂ ಕೊಯ್ದುಕೊಟ್ಟರು. ಮುಳ್ಳು ಬಿಡಿಸಿ.
ನನ್ನ ಮರ್ಯಾದೆ ಉಳಿಸಿದರು. ನೆಲ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ.

ಮಾರ್ಚ್ ೨೩
ಅಕ್ಕ ಮೆಟ್ಟಿಲಲ್ಲಿ ಎದುರಾದರು. "ಮೊದ್ಲು ನೀವು ಇಳೀರಿ" ಎಂದರು. ನೀವು! ಮದುವೆಯಾಗಿ ಬಂದ ದಿನದಿಂದ 'ಏನೇ, ಬಾರೇ' ಅಂದವರು.
ಊಟ ಸೇರಲಿಲ್ಲ. ಯಜಮಾನರು "ಹುಷಾರಿಲ್ವಾ?" ಎಂದರು. ತಲೆನೋವು ಎಂದೆ. ಇನ್ನೊಂದು ಸುಳ್ಳು.

ಮಾರ್ಚ್ ೨೮
ಗ್ರೂಪಿನಲ್ಲಿ ಬರೆದೆ: 'ಅವರು ಮಾಲಿ ಅಲ್ಲ, ನನ್ನ ಓರಗಿತ್ತಿ. ತೋಟ ಅವರದು. ನಾನು ಒಂದು ಗಿಡವನ್ನೂ ನೆಟ್ಟಿಲ್ಲ.' ಎಲ್ಲರೂ ಓದಿದರು. ಸಂಜೆ ಮೇಡಂ ಮಾತ್ರ ಬರೆದರು: 'ಅವರ ಎದುರೇ ಹೇಳಬೇಕಿತ್ತು ಕಣ್ರೀ.'
ನಿಜ.

ಮಾರ್ಚ್ ೨೯, ಬೆಳಿಗ್ಗೆ
ಈಗಷ್ಟೇ ಮೇಲೆ ಬಂದೆ. ಕೈ ಇನ್ನೂ ಒದ್ದೆ.
ಕೆಳಗಿಳಿದಾಗ ಹಕ್ಕಿಗಳು ಆಗಷ್ಟೇ ಎದ್ದಿದ್ದವು. ಗಿಡಗಳೆಲ್ಲ ಬೂದುಬಣ್ಣ. ನೋಡುತ್ತಿದ್ದಂತೆ ಒಂದೊಂದಕ್ಕೇ ಹಸಿರು ಬಂತು. ಅಕ್ಕ ಬೆನ್ನು ಹಾಕಿ ನಿಂತಿದ್ದರು.
"ಅಕ್ಕಾ, ಅವತ್ತು ನಾನು..."
ತಿರುಗಲಿಲ್ಲ. ದಾಸವಾಳದ ಕೊಂಬೆ ಬಗ್ಗಿಸಿ ಹಿಡಿದರು.
"ಫೋಟೊ ತಗೊಳ್ಳಿ. ಬಿಸಿಲು ಬಂದ್ಬಿಡುತ್ತೆ."
"ಫೋನ್ ತಂದಿಲ್ಲ, ಅಕ್ಕ. ನಿಮ್ಮ ಹತ್ರ ಮಾತಾಡೋಕೆ ಬಂದೆ."
ಕೊಂಬೆ ಬಿಟ್ಟರು. ಇಬ್ಬನಿ ಇಬ್ಬರ ಮೇಲೂ ಸಿಡಿಯಿತು. ಆಗ ಅಕ್ಕ ಪೈಪು ನನ್ನ ಕೈಗಿಟ್ಟು, "ಬಾರೇ, ಹಿಡ್ಕೋ" ಎಂದರು.