ಬೋರ್ಡಿನ ಮೇಲಿನ ಮಗಳು

ಮಹಡಿಯ ಕೋಣೆ
ಬುಧವಾರ, ಸಂಜೆ

ಪ್ರೀತಿಯ ಅತ್ತೆಗೆ ನಿಮ್ಮ ಮೆಣಸಿನಕಾಳು ಮಾಡುವ ನಮಸ್ಕಾರಗಳು.

ಶಿಬಿರದ ಹೊಸ ಬಟ್ಟೆಗೆಂದು ನೀವು ಕೇಳಿದ್ದ ಅಳತೆಯನ್ನು ಅಮ್ಮ ಕಳಿಸಿದ್ದಾಳೆ. ದಯವಿಟ್ಟು ಆ ಅಳತೆ ನೋಡಿ ಬಟ್ಟೆಗೆ ಕತ್ತರಿ ಹಾಕಬೇಡಿ. ಅದು ಹೋದ ವರ್ಷದ್ದು. ಈಗ ಆ ಬಟ್ಟೆಯೊಳಗೆ ನನ್ನ ಜೊತೆ ಇನ್ನೊಬ್ಬಳು ಆರಾಮಾಗಿ ಹಿಡಿಸುತ್ತಾಳೆ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಹೊರಟಿದ್ದೆ. ಕಳೆದ ಪತ್ರದಲ್ಲಿ ಹಾಗೇ ಬರೆದಿದ್ದೆ, ಆಗ ಅಮ್ಮ ಹೆಗಲ ಹತ್ತಿರವೇ ನಿಂತಿದ್ದಳು. ಇವತ್ತು ಅವಳು ಕೆಳಗೆ ಅಪ್ಪನ ಚಿಕಿತ್ಸಾಲಯದಲ್ಲಿ ಎಣ್ಣೆ ಸೀಸೆಗಳಿಗೆ ಮುಚ್ಚಳ ಹಾಕುತ್ತಿದ್ದಾಳೆ. ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಅಪ್ಪ ಶಾಲೆ ಶಾಲೆಗೆ ಹೋಗಿ ಹದಿಹರೆಯದ ಮಕ್ಕಳಿಗಾಗಿ ಆಯುರ್ವೇದ ಶಿಬಿರ ನಡೆಸುವುದು ನಿಮಗೆ ಗೊತ್ತೇ ಇದೆ. ಹಸಿವಾದಾಗ ಬಿಸಿ ಊಟ, ಬೇಗ ನಿದ್ದೆ, ವಾರಕ್ಕೊಮ್ಮೆ ಮೈಗೆ ಎಣ್ಣೆ, ಬೆಳಿಗ್ಗೆ ನೆಲ್ಲಿಕಾಯಿ ಲೇಹ್ಯ, ಕೈಯಲ್ಲಿ ಫೋನಿಲ್ಲದ ಸಂಜೆ. ಇದರಲ್ಲಿ ಬೂಟಾಟಿಕೆ ಏನೂ ಇಲ್ಲ, ಅತ್ತೆ. ನಾನೇ ಕಣ್ಣಾರೆ ಕಂಡಿದ್ದೇನೆ. ಮೊಡವೆಯ ಮುಖಕ್ಕೆ ಪುಸ್ತಕ ಅಡ್ಡ ಹಿಡಿದುಕೊಂಡೇ ಓಡಾಡುತ್ತಿದ್ದ ಹುಡುಗಿ ಈಗ ನಮ್ಮ ಬೀದಿಯಲ್ಲಿ ತಲೆಯೆತ್ತಿ ನಡೆಯುತ್ತಾಳೆ. ರಾತ್ರಿಯೆಲ್ಲ ಎಚ್ಚರವಿದ್ದು ತರಗತಿಯಲ್ಲಿ ತೂಕಡಿಸುತ್ತಿದ್ದವರು ಮನುಷ್ಯರ ಹಾಗೆ ಮಲಗಿ ಏಳುತ್ತಿದ್ದಾರೆ. ಅಪ್ಪ ಎದುರಿಗೆ ಕೂತ ಪ್ರತಿ ಮಗುವಿನ ನಾಡಿ ಹಿಡಿದು, ಎಲ್ಲರ ಮೈಯೂ ಒಂದೇ ಥರ ಇರುವುದಿಲ್ಲ, ನಿನ್ನ ಮೈ ಏನು ಕೇಳುತ್ತದೆಯೋ ಅದನ್ನು ಕೊಡು ಎಂದು ಹೇಳುತ್ತಾರೆ. ಆ ಮಾತು ಕೇಳುವಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.

ತೊಂದರೆ ಶುರುವಾದದ್ದು ಬೋರ್ಡಿನಿಂದ. ಚಿಕಿತ್ಸಾಲಯದ ಬಾಗಿಲ ಮೇಲೆ ನನ್ನ ಫೋಟೋ ಹಾಕಿದರಲ್ಲ, ಸೊಂಟ ಮುಟ್ಟುವ ಜಡೆ, ಹೊಳೆಯುವ ಕೆನ್ನೆ, ಕೆಳಗೆ 'ನನ್ನ ಮಗಳೇ ಸಾಕ್ಷಿ' ಎಂಬ ಸಾಲು. ಅವತ್ತಿನಿಂದ ಪ್ರತಿ ಶಿಬಿರಕ್ಕೂ ಸಾಕ್ಷಿ ಹೋಗಲೇಬೇಕಾಯಿತು. ನಾನು ವೇದಿಕೆ ಹತ್ತಿ ಬಾಯಿಪಾಠದ ಮಾತಾಡಿ ಇಳಿಯುತ್ತೇನೆ. ದೂರದ ಶಾಲೆಗಳಿಗಾದರೆ ಕತ್ತಲಲ್ಲೇ ಎದ್ದು ಹೊರಡಬೇಕು. ಹೊತ್ತಿಗೆ ಸರಿಯಾಗಿ ಬಿಸಿ ಊಟ ಮಾಡಿ ಎಂದು ಹೇಳಲು ಹೋಗುವವಳು ಕಾರಿನ ಹಿಂದಿನ ಸೀಟಿನಲ್ಲಿ ತಣ್ಣಗಾದ ಡಬ್ಬಿ ತೆರೆಯುತ್ತೇನೆ. ಬೇಗ ಮಲಗಿ ಎಂದು ಹೇಳಿ ಬಂದವಳು, ತಪ್ಪಿದ ಪಾಠ ಬರೆದುಕೊಳ್ಳುತ್ತಾ ಮೇಜಿನ ಮೇಲೆಯೇ ನಿದ್ದೆ ಹೋಗುತ್ತೇನೆ. ನಗಬೇಡಿ. ನಕ್ಕರೂ ಪರವಾಗಿಲ್ಲ, ಮೊದಮೊದಲು ನಾನೂ ನಕ್ಕಿದ್ದೆ.

ಆಮೇಲೆ ಕೂದಲು ಉದುರಲು ಶುರುವಾಯಿತು. ಬಾಚಣಿಗೆ ಎಳೆದರೆ ಹಿಡಿಹಿಡಿ ಬರುತ್ತಿತ್ತು. ಮೆಟ್ಟಿಲು ಹತ್ತಿದರೆ ಎದೆ ಡಬಡಬ, ಕೈ ಸದಾ ತಣ್ಣಗೆ. ಮುಟ್ಟು ನಿಂತು ಕೆಲವು ತಿಂಗಳಾಗಿವೆ. ಅಮ್ಮನಿಗೆ ಹೇಳಿದೆ. ಅವಳು ಗಾಬರಿಯಾದಳು, ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳು. ಮರುದಿನ ಪೇಟೆಯಿಂದ ಒಂದು ಚೌರಿ ತಂದಳು. ಶಿಬಿರದ ದಿನ ಅದನ್ನೇ ನನ್ನ ಇಲಿಬಾಲದಂಥ ಜಡೆಗೆ ಸೇರಿಸಿ ಹೆಣೆದು, ಕೆನ್ನೆಗೆ ಒಂದಿಷ್ಟು ಬಣ್ಣ ಹಚ್ಚುತ್ತಾಳೆ. "ಸ್ವಲ್ಪ ದಿನ ತಡ್ಕೋ ಕಣೇ, ಈಗ ನಿಮ್ಮಪ್ಪಂಗೆ ಹೇಳಿದ್ರೆ ಕುಸಿದು ಹೋಗ್ತಾರೆ" ಎನ್ನುತ್ತಾಳೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ನಾನು ಬೋರ್ಡಿನಲ್ಲಿ ಸಿಕ್ಕಿಕೊಂಡ ಹಾಗೆ ಅವಳು ನನ್ನ ಮತ್ತು ಅಪ್ಪನ ನಡುವೆ ಸಿಕ್ಕಿಕೊಂಡಿದ್ದಾಳೆ.

ನಿಮಗಾದರೂ ಹೇಳೋಣವೆಂದರೆ ನನ್ನ ಹತ್ತಿರ ಫೋನಿಲ್ಲ. ಫೋನಿಲ್ಲದ ಹುಡುಗಿ ಎಂಬುದೂ ಭಾಷಣದ ಒಂದು ಭಾಗ, ಅದಕ್ಕೆ ಜೋರಾಗಿ ಚಪ್ಪಾಳೆ ಬೀಳುತ್ತದೆ. ಶಾಲೆಯಲ್ಲಿ ಗೆಳತಿಯರ ಮುಂದೆ ಸುಸ್ತು ಎಂದರೆ "ವೈದ್ಯರ ಮಗಳಿಗೆ ಸುಸ್ತಂತೆ!" ಎಂದು ನಗುತ್ತಾರೆ. ಬೇರೆ ಡಾಕ್ಟರ ಹತ್ತಿರ ಹೋಗೋಣವೆಂದರೆ ಈ ಊರಿನ ಎಲ್ಲ ಡಾಕ್ಟರಿಗೂ ನನ್ನ ಮುಖ ಗೊತ್ತು. ಒಂದು ನೆಗಡಿ ಬಂದರೂ ಬಚ್ಚಲಿನಲ್ಲಿ ನಲ್ಲಿ ತಿರುಗಿಸಿಟ್ಟು ಕೆಮ್ಮುತ್ತೇನೆ, ಅತ್ತೆ. ಕಾಯಿಲೆ ಬೀಳಲು ನನಗೆ ಈ ಊರಲ್ಲಿ ಜಾಗವೇ ಇಲ್ಲ.

ಹೋದ ವಾರದ ಶಿಬಿರದಲ್ಲಿ ಒಬ್ಬಳು ಹುಡುಗಿ ವೇದಿಕೆಯ ಪಕ್ಕದಲ್ಲಿ ನನಗಾಗಿ ಕಾಯುತ್ತಿದ್ದಳು. ನನಗಿಂತ ಎರಡು ಮೂರು ವರ್ಷ ಚಿಕ್ಕವಳಿರಬೇಕು. "ಅಕ್ಕಾ, ನೀವು ಹೇಳಿದ್ದೆಲ್ಲ ಮಾಡ್ತಿದೀನಿ. ಆದ್ರೂ ಸುಸ್ತು ಹೋಗ್ತಿಲ್ಲ. ನಾನೇ ಏನೋ ತಪ್ಪು ಮಾಡ್ತಿದೀನಿ ಅನ್ಸುತ್ತೆ, ಅಲ್ವಾ?" ಎಂದು ಮೆಲ್ಲಗೆ ಕೇಳಿದಳು. ಅವಳ ಕಣ್ಣಿನ ಕೆಳಗೆ ನನ್ನ ಕಣ್ಣಿನ ಕೆಳಗಿರುವಂಥದ್ದೇ ಕಪ್ಪು. ನನ್ನದರ ಮೇಲೆ ಬಣ್ಣವಿತ್ತು, ಅಷ್ಟೇ ವ್ಯತ್ಯಾಸ. ಅಪ್ಪನ ಹತ್ತಿರ ಬಾ, ನಾಡಿ ತೋರಿಸು ಎಂದು ಹೇಳಬಹುದಿತ್ತು. ನನ್ನ ಬಾಯಿಂದ ಬಂದದ್ದು ಬಾಯಿಪಾಠದ ಸಾಲು: "ಬಿಡದೆ ಮಾಡು, ಫಲ ಸಿಕ್ಕೇ ಸಿಗುತ್ತೆ." ಅವಳು ತಲೆಯಾಡಿಸಿ ಹೋದಳು. ತಪ್ಪು ತನ್ನದೇ ಎಂದು ಖಚಿತವಾದವರು ಹೋಗುತ್ತಾರಲ್ಲ, ಹಾಗೆ.

ನಿನ್ನೆ ಬೆಳಿಗ್ಗೆ ನಾನು ಶಾಲೆಗೆ ಹೋಗಲಿಲ್ಲ. ಚೌರಿ ಹಾಕಿಕೊಳ್ಳದೆ, ಮುಖ ತೊಳೆದುಕೊಂಡು, ಕೆಳಗಿಳಿದು ರೋಗಿಗಳ ಬೆಂಚಿನ ತುದಿಯಲ್ಲಿ ಕೂತೆ. ಔಷಧಿ ಕಟ್ಟಿಕೊಡುವ ಮಾಮ "ಏನಮ್ಮಾ, ಅಪ್ಪನ್ನ ಕರೀಲಾ?" ಎಂದರು. ಬೇಡ, ಸರದಿ ಚೀಟಿ ಕೊಡಿ ಎಂದೆ. ಅವರು ತಮಾಷೆ ಎಂದುಕೊಂಡು ಕೊಟ್ಟರು. ಬೆಂಚಿನ ಮೇಲಿದ್ದ ಮುದುಕಿಯೊಬ್ಬಳು ಬೋರ್ಡನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ನಿನ್ನ ತಂಗಿನಾ ಆ ಫೋಟೋದಲ್ಲಿರೋದು?" ಎಂದು ಕೇಳಿದಳು.

ನನ್ನ ಸರದಿ ಬಂತು. ಅಪ್ಪ ತಲೆ ಎತ್ತದೆಯೇ ಕೂತ್ಕೊಳ್ಳಿ ಎಂದರು. ಕೂತೆ. ಕೈ ಚಾಚಿದೆ. ಆಗ ನೋಡಿದರು.

"ಏನೇ ಇದು, ಹೊರಗೆ ಅಷ್ಟು ಜನ ಕಾಯ್ತಿದಾರೆ. ಮನೇಲಿ ನೋಡೋಣ, ಹೋಗು."

"ಮನೇಲಿ ನೀವು ನೋಡಲ್ಲಪ್ಪ" ಎಂದೆ.

ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಪ್ಪ ಬಹಳ ಹೊತ್ತು ಆ ಕೈಯನ್ನೇ ನೋಡಿದರು. ಆಮೇಲೆ ನಾಡಿಯ ಮೇಲೆ ಮೂರು ಬೆರಳಿಟ್ಟರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ನಾಲಿಗೆ ನೋಡಿದರು, ಉಗುರು ಒತ್ತಿ ನೋಡಿದರು. ಎಲ್ಲ ಮಕ್ಕಳಿಗೂ ಕೇಳುವ ಪ್ರಶ್ನೆಗಳನ್ನು ಅದೇ ದನಿಯಲ್ಲಿ ಕೇಳಿದರು: ನಿದ್ದೆ ಹೇಗಿದೆ, ಹಸಿವಾಗುತ್ತದಾ, ಮುಟ್ಟು ಸರಿಯಾಗಿ ಆಗುತ್ತಿದೆಯಾ. ಒಂದೊಂದಕ್ಕೂ ನಿಜವಾದ ಉತ್ತರ ಕೊಟ್ಟೆ. ಕೊನೆಯ ಪ್ರಶ್ನೆ, ಮನಸ್ಸಿಗೆ ಏನಾದರೂ ಭಾರ ಇದೆಯಾ ಎನ್ನುವುದು. ಅದನ್ನು ಕೇಳಲು ಬಾಯಿ ತೆರೆದವರು ಅರ್ಧಕ್ಕೇ ನಿಲ್ಲಿಸಿಬಿಟ್ಟರು.

"ಊಟದ ತಟ್ಟೆ ಮುಂದೆ ನಿನ್ನ ನೋಡಿದಾಗ್ಲೆಲ್ಲ ಅನ್ನಿಸ್ತಿತ್ತು, ಪುಟ್ಟಾ" ಎಂದರು. "ನಾಡಿ ಹಿಡಿದ್ರೆ ಗೊತ್ತಾಗಿಬಿಡುತ್ತಲ್ಲ ಅಂತ ಹಿಡೀಲಿಲ್ಲ."

ದೊಡ್ಡಾಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಲು ಅವರೇ ಚೀಟಿ ಬರೆದರು. ಎಣ್ಣೆ, ಗಂಜಿ, ನಿದ್ದೆ, ಮೂರು ತಿಂಗಳು ಎಲ್ಲಿಗೂ ಪ್ರಯಾಣ ಬೇಡ ಎಂದೂ ಬರೆದರು. ಬರೆದಾದ ಮೇಲೆ ಪೆನ್ನಿನ ಕ್ಯಾಪು ಹಾಕುತ್ತಾ, ಭಾನುವಾರದ ದೊಡ್ಡ ಶಿಬಿರ ಒಂದು ಮುಗಿಯಲಿ, ಎಲ್ಲ ಶಾಲೆಯವರೂ ಬರುತ್ತಾರೆ, ಅಲ್ಲಿಂದಲೇ ಮೂರು ತಿಂಗಳು ಲೆಕ್ಕ ಹಾಕೋಣ ಎಂದರು. ನನ್ನ ಮುಖ ನೋಡಿ ಹೇಳಲಿಲ್ಲ.

ಆ ಭಾನುವಾರ ಬರುತ್ತಿದೆ, ಅತ್ತೆ. ಚೌರಿಗೆ ಅಮ್ಮ ಎಣ್ಣೆ ಹಚ್ಚಿ ಕಿಟಕಿಗೆ ತೂಗುಹಾಕಿದ್ದಾಳೆ. ನಾನು ಒಲ್ಲೆ ಎಂದರೆ ಅಪ್ಪ ಅಷ್ಟು ಜನರ ಮುಂದೆ ತಲೆ ತಗ್ಗಿಸಬೇಕು, ಹೂಂ ಎಂದರೆ ಆ ಹುಡುಗಿಯಂಥವರು ಇನ್ನೂ ಎಷ್ಟೋ ಜನ ತಪ್ಪು ತಮ್ಮದೇ ಎಂದು ಮನೆಗೆ ಹೋಗುತ್ತಾರೆ. ಅಪ್ಪನನ್ನು ಅಕ್ಕನ ಹಕ್ಕಿನಿಂದ 'ಏನೋ' ಎಂದು ಕೂಗಿ ಎದುರು ಕೂರಿಸುವವರು ಈ ಭೂಮಿಯ ಮೇಲೆ ನೀವೊಬ್ಬರೇ. ನನ್ನನ್ನು ಕರೆದುಕೊಂಡು ಹೋಗಿ ಎಂದು ಕೇಳುತ್ತಿಲ್ಲ. ಬನ್ನಿ, ಅಷ್ಟೇ. ಬಂದು ಬೈದರೂ ಮೆಲ್ಲಗೆ ಬೈಯಿರಿ. ನನ್ನ ಕೈ ಹಿಡಿದಾಗ ಅವರ ಬೆರಳು ನನ್ನದಕ್ಕಿಂತ ತಣ್ಣಗಿತ್ತು.

ಇತಿ,
ನಿಮ್ಮ ಪ್ರೀತಿಯ
ಮೆಣಸಿನಕಾಳು

ತಾ.ಕ.: ಲಕೋಟೆ ಅಂಟಿಸುತ್ತಿದ್ದಾಗ ಅಪ್ಪ ಮೇಲೆ ಬಂದರು. ಯಾರಿಗೆ ಪತ್ರ ಎಂದು ಕೇಳಿದರು. ಅತ್ತೆಗೆ ಎಂದೆ. ಏನು ಬರೆದೆ ಎಂದು ಕೇಳಲಿಲ್ಲ, ಓದಲು ಕೈಯನ್ನೂ ಚಾಚಲಿಲ್ಲ. ಮಂಚದ ಅಂಚಿನಲ್ಲಿ ಕೂತಿದ್ದು, ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು, "ಭಾನುವಾರಕ್ಕೆ ಮುಂಚೆ ಬರೋಕಾಗುತ್ತಾ ಅಂತ ಕೇಳು. ನಾನು ಕೇಳಿದೆ ಅಂತ ಮಾತ್ರ ಬರೀಬೇಡ" ಎಂದರು.