ಭರವಸೆಯ ಮುಖ

ಆಂಟ್ವರ್ಪ್, ೧೧ ಫೆಬ್ರವರಿ ೧೬೧೫

ಮಗಳೇ ಮಾಯ್ಕೆನ್,

ಅದೇ, ನಿನ್ನೆಯ ಕಾಗದದಲ್ಲಿ ಅರ್ಧಕ್ಕೆ ಬಿಟ್ಟೆನಲ್ಲ, ಆ ಲಂಗರಿನ ಮಾತು. ಅದಕ್ಕೆ ಮೊದಲು, ನಿನ್ನ ಕೆಮ್ಮು ಹೇಗಿದೆ? ಹಾರ್ಲೆಮ್ಮಿನಲ್ಲಿ ಬಟ್ಟೆ ಬಿಳುಪು ಮಾಡುವವರ ಮನೆ ಸದಾ ಒದ್ದೆಯಂತೆ, ಒಲೆಯ ಹತ್ತಿರ ಮಲಗು. ನಾನು ಇದ್ದೇನೆ. ಬ್ರೆಡ್ಡು, ಉಪ್ಪುಮೀನು, ಮಾರನೆಯ ದಿನ ಮತ್ತೆ ಅದೇ.

ನಾನೀಗ ಕೊರೆಯುತ್ತಿರುವ ಚಿತ್ರದಲ್ಲಿ ಲಂಗರು ಹಿಡಿದ ಹೆಂಗಸೇ ಭರವಸೆ. ಅವಳ ಹಗ್ಗದ ತುದಿಗೆ ಆತ್ಮ, ಏಳೆಂಟು ವರ್ಷದ ಹುಡುಗಿಯ ಹಾಗೆ. ಸುತ್ತ ಕಡಲು, ಅಂದರೆ ಲೋಕ. ಕೆಳಗೊಂದು ಲ್ಯಾಟಿನ್ ಸಾಲಿದೆ. ಪಾದ್ರಿಗಳ ಶಾಲೆಯಲ್ಲಿ ಏಟು ತಿಂದು ಕಲಿತದ್ದು ಅರ್ಧ ಮರೆತಿದೆ. ಮುಳುಗುವುದೋ ತೇಲುವುದೋ, ಏನೋ ಒಂದು. ಕಡಲು ಚೆನ್ನಾಗಿ ಬಂತು. ಮರಳು ತುಂಬಿದ ತೊಗಲ ದಿಂಬಿನ ಮೇಲೆ ತಾಮ್ರದ ತಗಡನ್ನು ತಿರುಗಿಸುತ್ತ ಉಳಿ ಒತ್ತಿದರೆ ಗೆರೆ ಉಬ್ಬುತ್ತದೆ, ಸಡಿಲಿಸಿದರೆ ಸಣ್ಣಗಾಗುತ್ತದೆ, ಅಲೆಯೂ ಹಾಗೇ ತಾನೆ. ಅಂಗಿಯ ಮಡಿಕೆಗೆ ಅಡ್ಡಗೆರೆ, ಮೇಲೊಂದು ಓರೆಗೆರೆ, ಸಂದಿಗೊಂದು ಚುಕ್ಕೆ. ಅಷ್ಟು ಈ ಕೈಗೆ ಈಗಲೂ ಬರುತ್ತದೆ. ಮುಖ ಬರುವುದಿಲ್ಲ.

ಊರಿಗೆ ಗೊತ್ತಿಲ್ಲದ್ದು ನಿನಗೆ ಗೊತ್ತು. ಮೂವತ್ತು ವರ್ಷ ನನ್ನ ಹೆಸರಿನಲ್ಲಿ ಅಚ್ಚಾದ ಮುಖಗಳನ್ನೆಲ್ಲ ಕೊರೆದವಳು ನಿಮ್ಮಮ್ಮ. "ಗೆರೆ ಎಲ್ಲಿ ನಿಲ್ಬೇಕೋ ಅಲ್ಲಿ ನಿಲ್ಲಿಸ್ರೀ, ಕೆನ್ನೇನ ಕಾಗದವೇ ಮಾಡ್ಕೊಳ್ಳುತ್ತೆ" ಅನ್ನುತ್ತಿದ್ದಳು. ನನಗೆ ನಿಲ್ಲಿಸಲು ಬರಲೇ ಇಲ್ಲ, ಗೆರೆಯನ್ನೂ, ಮಾತನ್ನೂ. ಅವಳು ಹೋದ ಮೇಲೆ ಭರವಸೆಯ ಮುಖವನ್ನು ಎರಡು ಸಲ ಕೊರೆದೆ. ಚಿತ್ರ ಮಾರುವ ಬರ್ಟೆಲ್ ನೋಡಿ, "ಯಜಮಾನ್ರೇ, ಇವಳನ್ನ ನಂಬ್ಕೊಂಡು ದೋಣಿ ಹತ್ತೋರ್ಯಾರು? ಹಲ್ಲುನೋವು ಬಂದೋಳ ಥರ ಇದಾಳೆ" ಅಂದ. ಎರಡು ಸಲವೂ ತಗಡನ್ನು ಹಿಂದಿನಿಂದ ಬಡಿದು, ಉಜ್ಜಿ ಅಳಿಸಿದೆ. ಅಲ್ಲೀಗ ತಾಮ್ರ ತೆಳ್ಳಗಾಗಿದೆ. ಇನ್ನೊಂದೇ ಸಲ ತಡೆದೀತು.

ಅಮ್ಮನ ಮಗ್ಗುಲಲ್ಲಿ ಕೂತು ಕಲಿತವಳು ನೀನು. ನೀನು ಪ್ರೊಟೆಸ್ಟಂಟನನ್ನು ಮದುವೆಯಾದ ದಿನ, "ಸಂತರ ವಿಗ್ರಹ ಒಡೆಯೋರ ಮನೆ ಸೇರೋಳು ಇನ್ನು ನನ್ನ ತಾಮ್ರ ಮುಟ್ಟಬೇಡ" ಅಂದವನು ನಾನು. ಐದು ವರ್ಷದಿಂದ ಆ ಮಾತು ನನ್ನ ಮೇಜಿನ ಮೇಲೇ ಕೂತಿದೆ, ಪಕ್ಕಕ್ಕೆ ಸರಿಸಿ ಕೆಲಸ ಮಾಡುತ್ತೇನೆ.

ಹೊತ್ತು ಮುಳುಗಿ ಕಿಟಕಿಯ ಎಣ್ಣೆಕಾಗದ ಬೂದಿ ಬಣ್ಣಕ್ಕೆ ತಿರುಗಿತು, ಅಕ್ಷರಗಳು ಒಂದರ ಮೇಲೊಂದು ಹತ್ತುತ್ತಿವೆ. ಸಾಕು. ಅಳಿಯಂದಿರಿಗೂ ನನ್ನ ಆಶೀರ್ವಾದ ಹೇಳು. ನಿಮ್ಮ ದೇವರೋ ನಮ್ಮ ದೇವರೋ, ಯಾರು ಮೊದಲು ಎದ್ದಿರುತ್ತಾರೋ ಅವರು ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಅಪ್ಪ,
ಯೋಸ್ಟ್

ಮರೆತೆ: ಈ ಕಾಗದದ ಜೊತೆ ದೋಣಿಯವನು ಕೊಡುವ ಗಂಟಿನಲ್ಲಿ ಆ ತಗಡೇ ಇದೆ, ಬರ್ಟೆಲ್‌ಗೆ ಹೇಳಿಲ್ಲ. ಮುಖ ಕೊರೆಯಲು ನಿನ್ನ ಮನಸ್ಸು ಒಪ್ಪದಿದ್ದರೆ ನಿನ್ನಲ್ಲೇ ಇರಲಿ, ಬೇರೆಯವರ ಕೈಗೆ ನಾನು ಕೊಡಲಾರೆ. ಕೊರೆದರೆ ಕೆಳಗೆ ನಿನ್ನ ಹೆಸರು ಹಾಕು. ನಿಮ್ಮಮ್ಮನಿಗೆ ನಾನು ಒಂದು ಸಲವೂ ಹಾಗೆ ಹೇಳಲಿಲ್ಲ.